ಬಾಯಿ ಮುಚ್ಚಿಕೊಂಡು ಕೂತ ದಿನ

ಮಾತು ಕಡಿಮೆ ಮಾಡು ಎಂದು ನನಗೆ ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು, ಅತ್ತೆ ಹೇಳಿದ್ದರು. ನಮ್ಮ ಯಜಮಾನರಂತೂ ಮದುವೆಯಾದ ಹೊಸತರಲ್ಲೇ ಹೇಳಿ ನೋಡಿ, ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೆ ಪೇಪರಿನೊಳಗೆ ತಲೆ ಹುದುಗಿಸಿದವರು ಇನ್ನೂ ಹೊರಗೆ ತೆಗೆದಿಲ್ಲ. ಇವರ್ಯಾರ ಮಾತನ್ನೂ ನಾನು ಕೇಳಿದವಳಲ್ಲ. ಕೇಳಿದ್ದು ನನ್ನ ತಂಗಿಯ ಮಾತನ್ನು, ಅದೂ ಒಂದೇ ಒಂದು ದಿನ. ಅವಳು ಹೇಳಿದ್ದು ಬಾಯಲ್ಲಲ್ಲ, ಕೈಯಲ್ಲಿ.

ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ಅವಳನ್ನು ಎಲ್ಲರೂ ಗುಬ್ಬಿ, ಗುಬ್ಬಿ ಎಂದು ಕರೆಯುತ್ತೇವೆ. ಆ ಕರೆ ಅವಳಿಗೆ ಮುಟ್ಟುವುದಿಲ್ಲ ಎನ್ನುವುದು ಬೇರೆ ವಿಷಯ. ಅಮ್ಮ ಇರುವಷ್ಟು ಕಾಲವೂ "ಅವಳ ಬಾಯಿ ನೀನೇ ಕಣೇ" ಎನ್ನುತ್ತಿದ್ದಳು. ಹಾಗಾಗಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಹತ್ತಿರ, ಎಲ್ಲ ಕಡೆಯೂ ಇಬ್ಬರ ಮಾತನ್ನು ನಾನೊಬ್ಬಳೇ ಆಡುತ್ತಾ ಬಂದೆ. ಬಿಸಿ ಚಹಾ ಕುಡಿದ ನೆನಪೇ ನನಗಿಲ್ಲ. ಲೋಟ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಯಾರಾದರೂ ಗುಬ್ಬಿಗೆ ಏನಾದರೂ ಕೇಳುತ್ತಾರೆ. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿರುತ್ತದೆ.

ಗುಬ್ಬಿಯದು ಒಂದು ಹೊಲಿಗೆ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹಳೆಯ ಗೋದಾಮೊಂದರ ಮಹಡಿ, ಮರದ ಹಲಗೆಯ ನೆಲ, ಕಿಟಕಿಗಳ ಪಕ್ಕ ಸಾಲಾಗಿ ಮಷೀನುಗಳು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಹೊಲಿಯುವ ಹೆಂಗಸರಲ್ಲಿ ಯಾರಿಗೂ ಕಿವಿ ಕೇಳಿಸುವುದಿಲ್ಲ. ಕೇಳಿಸುವುದು ನಮ್ಮಿಬ್ಬರಿಗೇ, ನನಗೆ ಮತ್ತು ಬಟ್ಟೆ ಕತ್ತರಿಸುವ ಸೋದರಮಾವನಿಗೆ. ಅವನನ್ನು ಎಲ್ಲರೂ ಕತ್ತರಿ ಮಾವ ಎನ್ನುತ್ತಾರೆ. ಇಲ್ಲಿ ಯಾರನ್ನಾದರೂ ಕರೆಯಬೇಕಾದರೆ ಹಿಮ್ಮಡಿಯಿಂದ ಹಲಗೆಯನ್ನು ಗುದ್ದಬೇಕು. ಮೆಲ್ಲಗೆ ಗುದ್ದಿದರೆ ಪಕ್ಕದವಳು ತಿರುಗುತ್ತಾಳೆ, ಜೋರಾಗಿ ಗುದ್ದಿದರೆ ಎಲ್ಲರೂ ಕೆಲಸ ನಿಲ್ಲಿಸಿ ತಲೆಯೆತ್ತುತ್ತಾರೆ. ಕೆಳಗೆ ಬಾಗಿಲಲ್ಲಿ ಬೆಲ್ ಒತ್ತಿದರೆ ಗೋಡೆಯ ಮೇಲಿನ ದೀಪ ಹತ್ತಿ ಆರುತ್ತದೆ.

ಇದನ್ನು ಶುರು ಮಾಡುವ ಮೊದಲು ಗುಬ್ಬಿ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಯ ಸೂಪರ್‌ವೈಸರನಿಗೆ ಇವಳನ್ನು ಕರೆಯಬೇಕಾದಾಗಲೆಲ್ಲ ದಾರದ ಉರುಳೆ ಎಸೆಯುವ ಚಾಳಿ. ಅದು ಬೆನ್ನಿಗೆ ತಾಗುತ್ತಿತ್ತು, ಕೆಲವು ಸಲ ತಲೆಗೆ. ಹೆಚ್ಚಿನ ಕೆಲಸವಿದ್ದಾಗ ರಾತ್ರಿಯೆಲ್ಲ ಕೂರಿಸುತ್ತಿದ್ದರು. ಒಮ್ಮೆ ಪಕ್ಕದ ಹುಡುಗಿ ತೂಕಡಿಸಿ ಬೆರಳಿನ ಮೇಲೇ ಮಷೀನು ಓಡಿಸಿಕೊಂಡಳು. ಅವತ್ತು ಗುಬ್ಬಿ ತನ್ನ ಮೇಲೆ ಬಿದ್ದಿದ್ದ ಉರುಳೆಯನ್ನು ಆ ಮಹಾನುಭಾವನ ಮೂತಿಗೇ ಬೀಸಿ ಎದ್ದು ಬಂದಳು. ಆಮೇಲೆ ಸಾಲ ಸೋಲ ಮಾಡಿ ಈ ಮಹಡಿ ಹಿಡಿದಳು, ತನ್ನಂಥವರನ್ನೇ ಹುಡುಕಿ ಹುಡುಕಿ ಕರೆತಂದಳು. ಅವರಲ್ಲೊಬ್ಬಳನ್ನು ಮನೆಯವರು ಬಾಗಿಲ ಮೂಲೆಯ ಪೊರಕೆಯ ಹಾಗೆ ಇಟ್ಟುಕೊಂಡಿದ್ದರು. ಈಗ ಅವಳು ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ.

ಇನ್ನು ನಮಗೆ ಕೆಲಸ ಕೊಡುವ ಕಂಪನಿಯ ವಿಷಯ. ಫ್ರಿಜ್ಜು, ವಾಷಿಂಗ್ ಮಷೀನು ಮಾಡುವ ಭಾರಿ ಕಂಪನಿ ಅದು. ಬೇರೆಯವರು ಬಾಗಿಲೊಳಗೇ ಬಿಟ್ಟುಕೊಳ್ಳದ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ತಮಗೆ ಬೇಕಾದ ಸಾಮಾನಿನಲ್ಲಿ ಒಂದು ಪಾಲನ್ನೂ ಅಂಥವರು ನಡೆಸುವ ಸಣ್ಣ ಘಟಕಗಳಿಂದಲೇ ಕೊಳ್ಳಬೇಕು ಎಂದು ಅವರು ನಿಯಮ ಮಾಡಿಕೊಂಡಿದ್ದರು. ಮೊದಲು ನಮಗೆ ಸ್ವಲ್ಪ ಕೆಲಸ ಕೊಟ್ಟು ನೋಡಿದರು. ಹೊಲಿಗೆ ಹಿಡಿಸಿತು. ಹೊಸ ಕಾರ್ಖಾನೆ ತೆರೆಯುತ್ತಿದ್ದರು, ಅಲ್ಲಿಯವರಿಗೆಲ್ಲ ಕೆಲಸದ ಕೋಟು ನೀವೇ ಹೊಲಿದುಕೊಡಿ ಎನ್ನುವ ಮಟ್ಟಕ್ಕೆ ಬಂದರು. ಷರತ್ತು ಒಂದೇ: ಘಟಕ ಯಾರ ಹೆಸರಿನಲ್ಲಿದೆಯೋ ಅವರೇ ಅದನ್ನು ನಡೆಸುತ್ತಿರಬೇಕು.

ಅದನ್ನು ಖಚಿತ ಮಾಡಿಕೊಳ್ಳಲು ಖರೀದಿ ವಿಭಾಗದವರು ವಿಡಿಯೋ ಕಾಲ್ ಮಾಡಿದರು. ಫೋನನ್ನು ಗುಬ್ಬಿಯ ಎದುರಿಗೆ ನಿಲ್ಲಿಸಿ ನಾನು ಅದರ ಹಿಂದೆ ಕೂತೆ. ಅವರಿಗೆ ಅವಳ ಮುಖ ಕಾಣುತ್ತಿತ್ತು, ನನ್ನ ಧ್ವನಿ ಕೇಳುತ್ತಿತ್ತು. ಅವರು ಪ್ರಶ್ನೆ ಕೇಳುವುದು, ನಾನು ಅದನ್ನು ಗುಬ್ಬಿಗೆ ಕೈಯಲ್ಲಿ ಹೇಳುವುದು, ಅವಳು ಹೇಳಿದ್ದನ್ನು ಮತ್ತೆ ಬಾಯಲ್ಲಿ ಅವರಿಗೆ ಹೇಳುವುದು, ಹೀಗೆ ನಡೆಯಬೇಕಿತ್ತು. ನಡೆದದ್ದೇ ಬೇರೆ. ಗೊತ್ತಿರುವ ಉತ್ತರಕ್ಕೆ ಅಷ್ಟೆಲ್ಲ ಸುತ್ತು ಬಳಸು ಯಾಕೆ? ಅವರು ಕೇಳುತ್ತಿದ್ದ ಹಾಗೇ ನಾನು ಪಟಪಟನೆ ಹೇಳಿಬಿಟ್ಟೆ.

ಕೊನೆಗೆ ಅವರು, "ಈ ಕೆಲಸ ಯಾಕೆ ಶುರು ಮಾಡಿದ್ರಿ ಅಂತ ದಯವಿಟ್ಟು ಅವ್ರನ್ನೇ ಕೇಳಿ ಹೇಳಿ" ಎಂದರು.

"ಅದನ್ನೇನು ಕೇಳೋದು ಸಾರ್, ನಂಗೇ ಗೊತ್ತಲ್ಲ!" ಎಂದು ದಾರದ ಉರುಳೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಹೇಳಿದೆ. ಗುಬ್ಬಿ ಪಾಪ, ಕೈ ಎತ್ತಿದವಳು ಎತ್ತಿದ ಹಾಗೇ ಕೂತಿದ್ದಳು.

ಎರಡು ದಿನ ಬಿಟ್ಟು ಫೋನ್ ಬಂತು. "ನಾವು ಖುದ್ದಾಗಿ ಬಂದು ನೋಡ್ಬೇಕು. ನಿಮ್ಮ ತಂಗಿ ಹೆಸರಿಗೆ ಮಾತ್ರ ಮಾಲೀಕರೇನೋ ಅನ್ನೋ ಅನುಮಾನ ನಮ್ಮವರಿಗೆ ಬಂದಿದೆ. ಬೇರೆ ಕಡೆ ಹೀಗೆ ಆಗಿ ನಾವು ಮೋಸ ಹೋಗಿದೀವಿ. ತಪ್ಪು ತಿಳ್ಕೋಬೇಡಿ. ಆದ್ರೆ ಅನುಮಾನ ನಿಜ ಅನ್ನಿಸಿದ್ರೆ ನಿಮಗೆ ಇನ್ನು ಕೆಲಸ ಕೊಡೋಕಾಗಲ್ಲ."

ಬೇರೆ ಕೆಲಸವನ್ನೆಲ್ಲ ಬಿಟ್ಟು ಇವರನ್ನೇ ನೆಚ್ಚಿಕೊಂಡಿದ್ದೆವು. ಇದು ಕೈತಪ್ಪಿದರೆ ಮಹಡಿಯ ಬಾಗಿಲು ಹಾಕಬೇಕು, ಹೆಂಗಸರು ಮತ್ತೆ ತಮ್ಮ ತಮ್ಮ ಮೂಲೆ ಸೇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಗುಬ್ಬಿ ಬೆವರು ಸುರಿಸಿ ಕಟ್ಟಿದ್ದು ಸುಳ್ಳು ಎಂದಾಗಿಬಿಡುತ್ತದಲ್ಲ! ಅದೂ ನನ್ನ ಬಾಯಿಂದ. ಹೋಗಿ ಗುಬ್ಬಿಗೆ ವಿಷಯವನ್ನೆಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು. "ಅವ್ರು ಬಂದ ದಿನ ನೀನು ಬಾಯಿ ತೆಗೀಬಾರ್ದು. ಕೈಯೂ ಅಷ್ಟೇ, ಒಂದು ಬೆರಳೂ ಆಡಿಸಕೂಡ್ದು. ಮೂಲೇಲಿ ಕೂತು ದಾರ ಕತ್ತರಿಸು."

"ನಾನಿಲ್ದೆ ಅವ್ರ ಹತ್ರ ಹೇಗೆ ಮಾತಾಡ್ತೀಯ?"

"ಅದು ನನ್ನ ತಲೆನೋವು. ನೀನು ಮಧ್ಯೆ ಬಂದ್ರೆ ಕೆಲಸದಿಂದ ತೆಗೀತೀನಿ."

"ಯಾರನ್ನ, ನನ್ನನ್ನಾ? ಎತ್ತಿ ಆಡಿಸಿದೀನಿ ಕಣೇ ನಿನ್ನ!"

"ಎತ್ತಿ ಆಡಿಸಿದ್ದು ಮನೇಲಿ. ಇದು ಕಾರ್ಖಾನೆ."

ನನಗೆ ಮೂಗಿನ ತುದಿಗೆ ಕೋಪ ಬಂದಿದ್ದು ನಿಜ. ಆದರೆ ತಪ್ಪು ನನ್ನದೇ ಆದ್ದರಿಂದ ನುಂಗಿಕೊಂಡೆ. ಕತ್ತರಿ ಮಾವ ಇದನ್ನೆಲ್ಲ ನೋಡುತ್ತಿದ್ದವನು, "ಅವಳಿಗೆ ಬಾಯಿ ಮುಚ್ಚು ಅನ್ನೋದೂ ಒಂದೇ, ಹರಿಯೋ ನಲ್ಲಿಗೆ ನಮಸ್ಕಾರ ಮಾಡೋದೂ ಒಂದೇ" ಎಂದು ಗೊಣಗಿದ. ಅವನಿಗೆ ಮಾಡಿ ತೋರಿಸುತ್ತೇನೆಂದು ಹಟ ಹುಟ್ಟಿತು.

ಅವರು ಬರುವ ದಿನ ಬೆಳಿಗ್ಗೆ ಗೋಡೆಯ ದೀಪ ಹತ್ತಿ ಆರಿತು. ಮೊದಲು ಒಳಗೆ ಬಂದವರು ಉದ್ದನೆಯ ಗಂಡಸು, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಬೇಕಾಯಿತು. ಫೋನಿನಲ್ಲಿ ಮಾತಾಡಿದ್ದು ಇವರೇ. ಅವರ ಹಿಂದೆ ಕತ್ತಿನಲ್ಲಿ ಕಂಪನಿಯ ಕಾರ್ಡು ನೇತುಹಾಕಿಕೊಂಡ ಒಬ್ಬ ಹೆಂಗಸು, ನನ್ನ ವಯಸ್ಸಿನವರೇ. ಆಕೆ ನೆಲವನ್ನು ನೋಡಿದರು, ಮುಗುಳ್ನಕ್ಕರು, ಹಿಮ್ಮಡಿಯಿಂದ ಹಲಗೆಯನ್ನು ಧಡ್ ಎಂದು ಗುದ್ದಿದರು. ಮಷೀನುಗಳೆಲ್ಲ ನಿಂತವು, ಎಲ್ಲರೂ ತಲೆಯೆತ್ತಿದರು. ಆಕೆ ಕೈಯಲ್ಲಿ, "ಎಲ್ಲರಿಗೂ ನಮಸ್ಕಾರ. ಕಂಪನೀಲಿ ಹೀಗೆ ಗುದ್ದೋಕೆ ಆಗಲ್ಲ, ಅಲ್ಲಿ ಸಿಮೆಂಟು ನೆಲ" ಎಂದರು.

ಆಕೆಗೂ ಕಿವಿ ಕೇಳಿಸುವುದಿಲ್ಲ! ಘಟಕಗಳನ್ನು ನೋಡಿ ಕೊನೆಯ ತೀರ್ಮಾನ ಹೇಳುವುದು ಆಕೆಯೇ ಅಂತೆ, ಉದ್ದನೆಯವರು ಜೊತೆಗೆ ಬಂದವರು ಅಷ್ಟೇ. ಅವರೂ ಆ ಮೇಡಂ ಜೊತೆ ಕೆಲಸ ಮಾಡುತ್ತಾ ಕಂಪನಿಯಲ್ಲೇ ಕೈಮಾತು ಕಲಿತಿದ್ದರು. ಹಾಸಿಗೆಯ ಹೊದಿಕೆ ಮಡಿಸುವವರ ಹಾಗೆ ನಿಧಾನವಾಗಿ ಕೈಯಾಡಿಸುತ್ತಿದ್ದರು, ಜೊತೆಗೆ ಅದನ್ನೇ ಬಾಯಲ್ಲೂ ಅನ್ನುತ್ತಿದ್ದರು. ಗುಬ್ಬಿ ಅವರಿಗೆ ಅರ್ಥವಾಗಲೆಂದು ತಾನೂ ನಿಧಾನ ಮಾಡಿದಳು. ನಾನಿಲ್ಲದೆಯೇ ಮಾತು ಸಲೀಸಾಗಿ ನಡೆಯತೊಡಗಿತು. ನನಗೆ ಸಂತೋಷವಾಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು. ಇರಲಿ, ಸುಳ್ಳು ಯಾಕೆ ಹೇಳಲಿ.

ನಾನು ಕಾಲರ್ ಹೊಲಿಯುವವಳ ಪಕ್ಕ ಕೂತು, ಹೊಲಿದ ಕೋಟುಗಳಿಂದ ಹೊರಗೆ ಚಾಚಿದ ದಾರವನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ. ಮೇಡಂ ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ನನ್ನ ಹತ್ತಿರ ಬಂದರು. "ನಿಮಗೆ ಇಲ್ಲಿ ಹೇಗನ್ಸುತ್ತೆ? ಎಷ್ಟು ಕಾಲದಿಂದ ಇದೀರ?" ಎಂದು ಕೈಯಲ್ಲಿ ಕೇಳಿದರು.

ಬಾಯಿ ತೆಗೆಯುವ ಹಾಗಿಲ್ಲ, ಬೆರಳಾಡಿಸುವ ಹಾಗಿಲ್ಲ. ನಾನು ಸುಮ್ಮನೆ ಹಲ್ಲು ಕಿರಿದೆ. ಅವರು ಮತ್ತೆ ಕೇಳಿದರು, ಇನ್ನಷ್ಟು ನಿಧಾನವಾಗಿ. ನಾನು ಇನ್ನಷ್ಟು ಅಗಲವಾಗಿ ಹಲ್ಲು ಕಿರಿದು ತಲೆಯಾಡಿಸಿದೆ. ಮೇಡಂ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಬಂತು. ನನ್ನ ಭುಜ ಸವರಿ ಗುಬ್ಬಿಯ ಕಡೆ ತಿರುಗಿದರು.

"ಇವ್ರಿಗೆ ಕೈಮಾತೂ ಯಾರೂ ಕಲಿಸಿಲ್ವಾ? ಮನೆಯವರು ಶಾಲೆಗೇ ಕಳಿಸಲಿಲ್ವೇನೋ."

ಗುಬ್ಬಿ ಆಗ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನನ್ನನ್ನು ಒಮ್ಮೆ ನೋಡಿದಳು, ತುಟಿಯ ಕೊನೆ ಕೊಂಕಿತು. "ಇವ್ರಿಗೆ ಏನು ಹೇಳಿದ್ರೂ ತಲೆಗೆ ಹೋಗಲ್ಲ ಮೇಡಂ" ಎಂದಳು. ಎಲಾ ಇವಳಾ! ಹೊಲಿಯುವ ಹೆಂಗಸರು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಕತ್ತರಿ ಮಾವನಿಗೆ ಕೆಮ್ಮು ಬಂದು ಬಟ್ಟೆಯ ಥಾನಿನ ಹಿಂದೆ ಹೋದ. ನಾನು ತುಟಿ ಪಿಟಕ್ಕೆನ್ನದೆ ದಾರ ಕತ್ತರಿಸಿದೆ.

ಆಮೇಲೆ ಬಂತು ಮುಖ್ಯವಾದ ಮಾತು. ಉದ್ದನೆಯವರು ಗುಬ್ಬಿಯನ್ನು ಮೇಜಿನ ಹತ್ತಿರ ನಿಲ್ಲಿಸಿಕೊಂಡು, ಕೈಯಲ್ಲೂ ಬಾಯಲ್ಲೂ ಕೇಳಿದರು. "ಹೊಸ ಕಾರ್ಖಾನೆ ಮುಂದಿನ ತಿಂಗಳು ಶುರುವಾಗುತ್ತೆ. ಅಷ್ಟರೊಳಗೆ ಎಲ್ಲಾ ಕೋಟೂ ಆಗ್ಬೇಕು. ಆಗುತ್ತಾ?"

ಆಗುತ್ತೆ ಅನ್ನು, ಆಗುತ್ತೆ ಅನ್ನು ಎಂದು ಮನಸ್ಸಿನಲ್ಲೇ ಜಪಿಸಿದೆ.

ಗುಬ್ಬಿ ತಲೆಯಲ್ಲಾಡಿಸಿದಳು. "ಆಗಲ್ಲ. ಅರ್ಧ ಕೊಡ್ತೀನಿ. ಉಳಿದರ್ಧ ಅದರ ಮುಂದಿನ ತಿಂಗಳು."

"ಎಲ್ಲಾ ಒಟ್ಟಿಗೇ ಬೇಕು ಅಂದ್ರೆ?"

"ಆಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಮನೆ ಬಾಗಿಲಿಗೆ ಬಂದವರನ್ನು ಒದ್ದು ಕಳಿಸುತ್ತಿದ್ದಾಳಲ್ಲ ಇವಳು! ಕೈಯಲ್ಲಿ ಕತ್ತರಿ ಇರುವುದು ಮರೆತೇಹೋಯಿತು. ದಾರದ ಬದಲು ಬೆರಳನ್ನು ಕತ್ತರಿಸಿಕೊಂಡೆ.

"ಅಯ್ಯೋ ಅಮ್ಮಾ! ಆಗುತ್ತೆ ಅನ್ನೇ ಗುಬ್ಬಿ, ಆಗುತ್ತೆ ಅನ್ನು!"

ಮಹಡಿ ಹಾರಿಹೋಗುವ ಹಾಗೆ ಕಿರುಚಿದ್ದೆ. ಯಾರಿಗೆ ಹೇಳಿದೆನೋ ಅವಳಿಗೆ ಕೇಳಿಸಲಿಲ್ಲ. ಹೊಲಿಯುವವರಿಗೆ ಕೇಳಿಸಲಿಲ್ಲ, ಮೇಡಂಗೂ ಕೇಳಿಸಲಿಲ್ಲ. ಕೇಳಿಸಿದ್ದು ಕತ್ತರಿ ಮಾವನಿಗೆ, ಮತ್ತೆ ಯಾರಿಗೆ ಕೇಳಿಸಬಾರದಿತ್ತೋ ಆ ಉದ್ದನೆಯವರಿಗೆ. ಅವರು ಗಿರಕ್ಕನೆ ತಿರುಗಿದರು.

"ಈ ಧ್ವನಿ ನಂಗೆ ಗೊತ್ತು. ಫೋನಲ್ಲಿ ಮಾತಾಡಿದ್ದು ನೀವೇ."

ಅವರು ಮೇಡಂಗೆ ಕೈಯಲ್ಲಿ ಹೇಳಿದರು. ಮೇಡಂ ಮುಖದಲ್ಲಿದ್ದ ನಗು ಇಳಿದುಹೋಯಿತು. ನನ್ನ ಭುಜ ಸವರಿದ್ದ ಅದೇ ಕೈಯಿಂದ, "ಇವ್ರಿಗೆ ಕಿವಿ ಕೇಳಿಸುತ್ತಾ? ಮತ್ತೆ ಯಾಕೆ ಕೇಳಿಸದವರ ಹಾಗೆ ಕೂತಿದ್ರು? ನಮ್ಮ ಕಣ್ಣಿಗೆ ಮಣ್ಣೆರಚೋಕಾ?" ಎಂದು ಕೇಳಿದರು. ಉದ್ದನೆಯವರು ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎದ್ದು ನಿಂತು ಕೈ ಬಾಯಿ ಎರಡನ್ನೂ ಒಟ್ಟಿಗೆ ಓಡಿಸತೊಡಗಿದೆ. "ಅಯ್ಯೋ ಇಲ್ಲ ಸಾರ್, ದಮ್ಮಯ್ಯ, ಹಾಗಲ್ಲ! ಅವಳು ಗೊತ್ತಿಲ್ದೆ ಆಗಲ್ಲ ಅಂದ್ಲು, ಎಲ್ಲಾ ಆಗುತ್ತೆ, ಹಗಲೂ ರಾತ್ರಿ ಕೂತು ಹೊಲೀತೀವಿ, ನಾನು ಮಾತು ಕೊಡ್ತೀನಿ..."

ಧಡ್ ಎಂದು ಹಲಗೆ ಅದುರಿತು. ಮೇಜಿನ ಮೇಲಿನ ಸೂಜಿಯ ಡಬ್ಬಿ ಕೆಳಗೆ ಬಿತ್ತು. ಗುಬ್ಬಿ ನನ್ನೆದುರಿಗೆ ಬಂದು ನಿಂತಿದ್ದಳು. ಅವಳ ಮುಖ ಕೆಂಪಾಗಿತ್ತು.

"ಯಾರು ಮಾತು ಕೊಡೋದು? ನೀನಾ?" ಅವಳ ಕೈ ಗಾಳಿಯನ್ನು ಸೀಳುತ್ತಿತ್ತು.

"ಮತ್ತೇನು ಮಾಡ್ಲಿ? ನೀನು ಎಲ್ಲಾ ಹಾಳು ಮಾಡ್ತಿದೀಯ!" ನಾನೂ ಬಿಡಲಿಲ್ಲ, ಕೈ ಬೀಸಿ ಬೀಸಿ ಹೇಳಿದೆ.

"ಹಗಲೂ ರಾತ್ರಿ ಹೊಲಿಯೋದು ಯಾರು? ನೀನು ಹೊಲೀತೀಯಾ? ನಿಂಗೆ ದಾರ ಕತ್ತರಿಸೋಕೂ ಬರಲ್ಲ, ಬೆರಳು ಕತ್ತರಿಸ್ಕೊಂಡು ನಿಂತಿದೀಯ! ಇವ್ರು ಹೊಲೀಬೇಕು. ನಿದ್ದೆಗೆಟ್ಟು ಯಾರಾದ್ರೂ ಕೈ ಮೇಲೆ ಮಷೀನು ಹತ್ತಿಸ್ಕೊಂಡ್ರೆ? ಅದನ್ನ ನೋಡೇ ನಾನು ಅಲ್ಲಿಂದ ಎದ್ದು ಬಂದಿದ್ದು. ಇಲ್ಲೂ ಅದೇ ಮಾಡೋದಾದ್ರೆ ಈ ಕಾರ್ಖಾನೆ ಯಾಕೆ ಬೇಕಿತ್ತು?"

"ಕೆಲಸ ಕೈಬಿಟ್ಟುಹೋದ್ರೆ ಕಾರ್ಖಾನೇನೇ ಮುಚ್ಚಬೇಕಲ್ಲೇ!"

"ಮುಚ್ಚೋದಾದ್ರೂ ನಾನೇ ಮುಚ್ತೀನಿ. ನಂದು ಇದು! ಹುಟ್ಟಿದಾಗಿಂದ ನನ್ನ ಮಾತೆಲ್ಲ ನೀನೇ ಆಡ್ತಾ ಬಂದೆ. ಇವತ್ತೊಂದು ದಿನ ನಂಗೆ ಬಿಡು ಅಕ್ಕ. ಒಂದು ದಿನ."

ನನ್ನ ಕೈ ಎತ್ತಿದ್ದಲ್ಲೇ ನಿಂತಿತು. ಉತ್ತರ ಹೊಳೆಯದೆ ಇದ್ದದ್ದು ಜೀವಮಾನದಲ್ಲಿ ಅದೇ ಮೊದಲಿರಬೇಕು. ರಕ್ತ ಬರುತ್ತಿದ್ದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಣ್ಣು ತುಂಬಿ ಬಂತು.

ಉದ್ದನೆಯವರಿಗೆ ನಮ್ಮ ಜಗಳದ ವೇಗಕ್ಕೆ ಒಂದಕ್ಷರವೂ ಹತ್ತಿರಲಿಲ್ಲ. ಟೇಬಲ್ ಟೆನಿಸ್ ನೋಡುವವರ ಹಾಗೆ ಕತ್ತು ಆ ಕಡೆ ಈ ಕಡೆ ಆಡಿಸಿ ಸುಸ್ತಾಗಿದ್ದರು. "ಏನಂತೆ? ಏನಂತೆ?" ಎಂದು ಮೇಡಂಗೆ ಕೇಳಿದರು.

ಮೇಡಂ ಮಾತ್ರ ಎಲ್ಲವನ್ನೂ ನೋಡಿದ್ದರು. ಅವರು ಬಿದ್ದಿದ್ದ ಡಬ್ಬಿಯನ್ನು ಎತ್ತಿ ಮೇಜಿನ ಮೇಲಿಟ್ಟು, ಉದ್ದನೆಯವರಿಗಾಗಿ ನಿಧಾನವಾಗಿ ಕೈಯಾಡಿಸಿದರು. ಉದ್ದನೆಯವರು ಅದನ್ನು ಒಂದೊಂದೇ ಮಾತಾಗಿ ಬಾಯಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋದರು.

"ಮಾಲೀಕರು... ಯಾರು ಅಂತ... ಗೊತ್ತಾಯ್ತು."

ಉದ್ದನೆಯವರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು, ಮೇಡಂ ಮುಂದುವರಿಸಿದರು.

"ಹೆಸರಿಗೆ ಮಾತ್ರ ಮಾಲೀಕರಾದವರನ್ನ ನಾನು ನೋಡಿದೀನಿ. ಏನು ಕೇಳಿದ್ರೂ ಉತ್ತರ ಕೊಡೋ ಮೊದ್ಲು ಪಕ್ಕದವರ ಮುಖ ನೋಡ್ತಾರೆ. ಈಕೆ ಒಂದ್ಸಲವೂ ಯಾರ ಮುಖವನ್ನೂ ನೋಡ್ಲಿಲ್ಲ. ನಮಗೇ ಆಗಲ್ಲ ಅಂದ್ರು, ಅಕ್ಕನಿಗೂ ಆಗಲ್ಲ ಅಂದ್ರು." ಆಮೇಲೆ ಗುಬ್ಬಿಯ ಕಡೆ ತಿರುಗಿದರು. "ಅರ್ಧ ಈಗ, ಅರ್ಧ ಆಮೇಲೆ. ಹೊಸ ಕಾರ್ಖಾನೆಗೆ ಜನ ಬರೋದೂ ಸ್ವಲ್ಪ ಸ್ವಲ್ಪವಾಗೇ. ಒಪ್ಪಿದೆ. ಆದ್ರೆ ಇವ್ರು ಯಾಕೆ ಹಾಗೆ ಕೂತಿದ್ರು, ಅದನ್ನ ಹೇಳಿ."

ಗುಬ್ಬಿ ಕೈ ಒರೆಸಿಕೊಂಡಳು. "ಇವಳು ನನ್ನಕ್ಕ. ಬಾಯಿ ಮುಚ್ಚು ಅಂದಿದ್ದು ನಾನೇ. ಮೇಡಂ ತಪ್ಪು ತಿಳ್ಕೊಂಡಾಗ ಹೇಳ್ಬೇಕಿತ್ತು, ತಮಾಷೆ ನೋಡ್ತಾ ನಿಂತೆ. ಅದು ನನ್ನ ತಪ್ಪು. ಏನ್ಮಾಡ್ಲಿ, ಇವಳು ಬಾಯಿ ಮುಚ್ಚಿದ್ದನ್ನ ನಾನೂ ಇದೇ ಮೊದ್ಲು ನೋಡಿದ್ದು."

ಮೇಡಂ ನಕ್ಕರು. ಒಮ್ಮೆ ನಗತೊಡಗಿದ ಮೇಲೆ ನಿಲ್ಲಿಸಲು ಆಗದೆ ಮೇಜು ಹಿಡಿದುಕೊಂಡರು. ಹೊಲಿಯುವವರೂ ನಕ್ಕರು. ನನ್ನ ಎದೆಯ ಮೇಲೆ ಕೂತಿದ್ದ ಬಂಡೆ ಎಲ್ಲಿ ಉರುಳಿಹೋಯಿತೋ ಗೊತ್ತಾಗಲಿಲ್ಲ. ಅಳುತ್ತಾ ಇದ್ದವಳು ನಗುವುದಕ್ಕೂ ಶುರು ಮಾಡಿದೆ, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

ಮೇಡಂ ನನ್ನ ಮುಂದೆ ಬಂದು ನಿಂತರು. "ಈಗ ಹೇಳಿ. ಆಗ್ಲೇ ಕೇಳಿದ್ದೆನಲ್ಲ, ನಿಮಗೆ ಇಲ್ಲಿ ಹೇಗನ್ಸುತ್ತೆ?"

ನಾನು ಕೈ ಎತ್ತಿದೆ. ಎತ್ತಿದವಳು ತಟ್ಟನೆ ಗುಬ್ಬಿಯ ಮುಖ ನೋಡಿದೆ, ಹೇಳಲೋ ಬೇಡವೋ ಎಂದು. ಆಣೆಯಾಗಿ ಬೇಕೆಂದು ಮಾಡಿದ್ದಲ್ಲ. ಕಾಲರ್ ಹೊಲಿಯುವವಳು ಮೊದಲು ಅದನ್ನು ಗಮನಿಸಿ ನನ್ನ ಕಡೆ ಬೆರಳು ಮಾಡಿ ತೋರಿಸಿದಳು. ಪಕ್ಕದವರ ಮುಖ ನೋಡಿದವಳು ಕೊನೆಗೂ ಸಿಕ್ಕಿಬಿದ್ದಿದ್ದಳು! ಮಹಡಿಯೆಲ್ಲ ನಗುವಿನಿಂದ ತುಂಬಿಹೋಯಿತು, ಹಲಗೆಗಳು ಅದುರಿದವು.

ಗುಬ್ಬಿ ನಗುತ್ತಲೇ, "ಹೇಳು, ಹೇಳು. ನಿನ್ನ ಮಾತು ನೀನೇ ಆಡು" ಎಂದಳು.

"ನಾನು ಮಾಲೀಕರ ಅಕ್ಕ" ಎಂದೆ ಮೇಡಂಗೆ. "ಇಲ್ಲಿ ದಾರ ಕತ್ತರಿಸ್ತೀನಿ. ಸದ್ಯಕ್ಕೆ ಅಷ್ಟು ಚೆನ್ನಾಗಿ ಬರಲ್ಲ. ಆದ್ರೆ ಇಲ್ಲಿ ಚೆನ್ನಾಗಿದೆ."

ಅದಕ್ಕಿಂತ ಹೆಚ್ಚು ಏನೂ ಹೇಳಬೇಕೆನಿಸಲಿಲ್ಲ. ಆಶ್ಚರ್ಯ!

ಕತ್ತರಿ ಮಾವ ಎಲ್ಲರಿಗೂ ಚಹಾ ತಂದ. ನನ್ನ ಬೆರಳಿಗೆ ಬಟ್ಟೆ ಸುತ್ತಿ ಲೋಟವನ್ನು ಕೈಗಿಡುತ್ತಾ, "ನಲ್ಲಿ ನಿಂತುಹೋಯ್ತಲ್ಲಪ್ಪ" ಎಂದ. ಉದ್ದನೆಯವರು ಬಟ್ಟೆಯ ಬಣ್ಣದ ಬಗ್ಗೆ ಗುಬ್ಬಿಗೆ ಏನೋ ಕೇಳುತ್ತಿದ್ದರು. ಬಣ್ಣ ಹೋಗುತ್ತದೆಯೋ ಇಲ್ಲವೋ ಎಂದಿರಬೇಕು. ಉತ್ತರ ನನಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಗುಬ್ಬಿಯ ಕೈ ಆಗಲೇ ಮೇಲೆದ್ದಿತ್ತು. ಒಂದು ತುಂಡು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಬಿಳಿಯ ಕರವಸ್ತ್ರದ ಮೇಲೆ ಉಜ್ಜಿ ತೋರಿಸುತ್ತಿದ್ದಳು. ಮೇಡಂ ಬಗ್ಗಿ ನೋಡುತ್ತಿದ್ದರು. ಯಾರಿಗೂ ನಾನು ಬೇಕಿರಲಿಲ್ಲ. ಅಮ್ಮ ಹೊರಿಸಿದ್ದನ್ನು ಇಳಿಸಿದರೆ ಇಷ್ಟು ಹಗುರಾಗುತ್ತದೆಂದು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ?

ಕಿಟಕಿಯ ಪಕ್ಕ ಕೂತು ಲೋಟವನ್ನು ಬಾಯಿಗಿಟ್ಟೆ. ಚಹಾ ಕೆಂಡದಂತಿತ್ತು, ನಾಲಿಗೆ ಚುರ್ರೆಂದಿತು. ಸುಟ್ಟರೆ ಸುಡಲಿ, ಇವತ್ತು ಅದಕ್ಕೆ ಬೇರೆ ಕೆಲಸವಿಲ್ಲ ಎಂದುಕೊಂಡು ಇನ್ನೊಂದು ಗುಟುಕು ಕುಡಿದೆ.